ಯಾವ ಈಗ?

ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನ ಕಷ್ಟ ಬೇರೆಯವರಿಗೆ ತಿಳಿಯುವುದಿಲ್ಲ. ಎದುರಿಗೆ ಯಾರಾದರೂ ಕವಾಯತು ಮಾಡುತ್ತಿದ್ದರೇನೇ ನಮಗೆ ಅನ್ನ ಸೇರುವುದು. ಹಿಂದೂಪುರದ ನಮ್ಮ ಮನೆಯಲ್ಲಿ ನನ್ನೆದುರು ಅಟೆನ್ಷನ್ನಿನಲ್ಲಿ ನಿಲ್ಲುವುದೆಂದರೆ ಪೊರಕೆಯೊಂದೇ, ಅದೂ ಗೋಡೆಗೆ ಒರಗಿಸಿದರೆ. ಹೀಗಿರುವಾಗ ಹಿತ್ತಿಲಲ್ಲಿ, ಕೊಳೆತ ಬಾಳೆಸಿಪ್ಪೆಯ ಮೇಲೆ, ಆ ನೊಣವನ್ನು ಕಂಡೆ. ಇರುವೆಯಷ್ಟು ಸಣ್ಣದು, ಕಡ್ಡಿಯಂಥ ಕಾಲುಗಳು. ಮುಂಗಾಲೆರಡರ ತುದಿ ಮಾತ್ರ ಬೆಳ್ಳಗೆ, ಕಾಲುಚೀಲ ತೊಟ್ಟ ಹಾಗೆ. ಅವನ್ನು ಒಂದಾದ ಮೇಲೊಂದು ಎತ್ತಿ ಬೀಸುತ್ತ ನನ್ನ ಮುಂದೆ ಎಡ-ಬಲ, ಎಡ-ಬಲ ಮಾಡಿತು. ಇಡೀ ಸರ್ವಿಸಿನಲ್ಲಿ ನನಗೆ ಅಷ್ಟು ಶಿಸ್ತಿನ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಹೆಂಡತಿ ಪಾರ್ವತಿಯನ್ನು ಕೂಗಿ ಕರೆದೆ. ಅವಳು ಬರುವಷ್ಟರಲ್ಲಿ ಅದು ಹಾರಿತ್ತು. "ನೊಣ ಡ್ರಿಲ್ ಮಾಡ್ತಾ? ಯಾವ್ದೋ ಇರುವೆ ಕಣ್ರೀ. ಕಣ್ಣಿಗೆ ಪೊರೆ ಬಂದೈತೆ, ಡಾಕ್ಟರ ತಾವ ತೋರಿಸ್ಕಳಿ" ಎಂದಳು. ಅಂದಿನಿಂದ ನನಗೆ ಒಂದೇ ಹಟ: ಆ ನೊಣ ಇನ್ನೊಬ್ಬರ ಕಣ್ಣಿಗೂ ಬೀಳಬೇಕು. ಭೂತಗನ್ನಡಿ ಕೊಂಡೆ, ಪುಸ್ತಕ ತರಿಸಿದೆ. ಮರಗಾಲು ಕಟ್ಟಿಕೊಂಡಂತೆ ನಡೆಯುವ ಅಪರೂಪದ ಜಾತಿಯೆಂದು ಅದರಲ್ಲಿ ಚಿತ್ರವೇ ಇತ್ತು. ತೋರಿಸಿದರೆ, "ಪುಸ್ತಕದಾಗೆ ರಾಕ್ಷಸರೂ ಅವ್ರೆ" ಎಂದಳು ಪಾರ್ವತಿ.

ಕಲ್ಯಾಣದುರ್ಗದಲ್ಲಿರುವ ತಂಗಿ ಗೌರಿಗೂ ಫೋನು ಮಾಡಿ, ಕಂಡರೆ ತಿಳಿಸು ಎಂದಿದ್ದೆ. ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಫೋನಿನಲ್ಲಿ ಎರಡರ ಚಿತ್ರಾನ್ನ. ತೆಲುಗಿನಲ್ಲಿ ನೊಣಕ್ಕೆ 'ಈಗ' ಎನ್ನುತ್ತಾರೆ. ಇದೊಂದು ನಿಮಗೆ ನೆನಪಿರಲಿ.

ಮೊನ್ನೆ ಬೆಳಿಗ್ಗೆ ಗರಗರ ಸದ್ದಿನ ನಡುವೆ ಗೌರಿಯ ದನಿ ಬಂತು: "ಅಣ್ಣಾ, ಈಗ ಕಣೋ, ಈಗ! ಬಿರ್ರನೆ ಬಂದ್ಬುಡು!" ಸಂಕ್ರಾಂತಿಗೊಮ್ಮೆ ಮಾತ್ರ ತಂಗಿಯ ಮನೆಗೆ ಹೋಗುವ ನಿಯಮದವನು ನಾನು. ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನೂ ಬಿಟ್ಟು ಬಸ್ಸು ಹತ್ತಿದೆ.

ಭೂತಗನ್ನಡಿ ಹಿಡಿದೇ ಅವಳ ಹೊಸಿಲು ದಾಟಿದೆ. "ಎಲ್ಲಿ ಗೌರಿ, ಈಗ?"

"ಎಲ್ಲಿ ಈಗ ಅಂದ್ರೆ? ಒಳಗೆ ಬಾರೋ! ಯಾವಾಗ ಕರೆದ್ರೂ ಸಂಕ್ರಾಂತಿಗೆ ಬತ್ತೀನಿ ಅಂತೀಯ. ನೋಡ್ಬೇಕು ಅನ್ನಿಸ್ತು, ಈಗ್ಲೇ ಬಾ ಅಂದೆ. ಎದುರು ಮಾತಾಡ್ದಂಗೆ ಬಂದ್ಬುಟ್ಟೆಯಲ್ಲೋ ಅಣ್ಣಾ!" ಅವಳ ಕಣ್ಣು ತುಂಬಿತ್ತು. ನಾನು ಭೂತಗನ್ನಡಿಯನ್ನು ಮೆಲ್ಲಗೆ ಜೇಬಿಗಿಳಿಸಿದೆ. "ನೀನು ಕರೆದ ಮೇಲೆ ಬರದೆ ಇರ್ತೀನೇನಮ್ಮ?" ಎಂದೆ. ನೊಣದ ಮಾತು ಅವಳಿಗೆ ಮರೆತೇ ಹೋಗಿತ್ತು.

ಹಿತ್ತಿಲ ಕಟ್ಟೆಯ ಮೇಲೆ ಕೂತು ಒಬ್ಬಟ್ಟು ತಿಂದು ಬಾಳೆಹಣ್ಣು ಸುಲಿದೆವು. ಹಳೆಯ ಮಾತುಗಳಿಗೆ ಲೆಕ್ಕವಿರಲಿಲ್ಲ. ಇದ್ದಕ್ಕಿದ್ದಂತೆ ಗೌರಿ, "ಅಣ್ಣಾ, ಸಿಪ್ಪೆ ಮ್ಯಾಲೆ ನೋಡು, ಯಾವ್ದೋ ಇರುವೆ ನಿಂಗೆ ಸಲಾಂ ಹೊಡೀತೈತೆ!" ಎಂದಳು.

ಬಿಳಿ ಕಾಲುಚೀಲ. ಎಡ-ಬಲ, ಎಡ-ಬಲ.

ನನ್ನ ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಭೂತಗನ್ನಡಿ ಹೊರಬಂದರೆ ನಾನು ಬಂದ ಕಾರಣವೂ ಹೊರಬೀಳುತ್ತಿತ್ತು. ಅಷ್ಟರಲ್ಲಿ ಪಾರ್ವತಿಯ ಫೋನು. "ಏನು, ಕಂಡ್ತಾ ನಿಮ್ಮ ಡ್ರಿಲ್ ನೊಣ?"

ಗೌರಿ ಪಕ್ಕದಲ್ಲೇ ನಗುತ್ತ ಕೂತಿದ್ದಳು.

"ಇಲ್ಲ ಕಣೆ," ಎಂದೆ. "ಇರುವೆ."

"ನಾನು ಅವತ್ತೇ ಹೇಳ್ಲಿಲ್ವಾ? ಕಣ್ಣಿನ ಡಾಕ್ಟರಿಗೆ ಹೇಳ್ತೀನಿ. ಯಾವಾಗ ಬತ್ತೀರಿ?"

ಅಭ್ಯಾಸಬಲ ನೋಡಿ, "ಸಂಕ್ರಾಂತಿಗೆ" ಎಂದುಬಿಟ್ಟೆ.