ಹೆದರಬೇಡಿ, ಯೆಸ್ ಒತ್ತಿ

"ಜನ್ಮದಾಗ ಕಂಪ್ಯೂಟರ್ ಮುಟ್ಟದವರೂ ನನ್ನ ಪುಸ್ತಕ ಓದಿ ಒಂದ ದಿನದಾಗ ಪಂಡಿತರಾಗಬೇಕು. ಆಗಲಿಲ್ಲಂದ್ರ ನನ್ನ ಹೆಸರು ಬದಲಿ ಮಾಡ್ತೀನಿ!"

"ಬ್ಯಾಡ್ರೀ, ಮತ್ತ ಆಧಾರ್ ಕಾರ್ಡಿಗೆ ಪಾಳಿ ಹಚ್ಚಬೇಕಾಗ್ತದ" ಎಂದರು ಇಂದೂಬಾಯಿ.

ಘೋಷಣೆ ಮಾಡಿದವರು ಅವರ ಯಜಮಾನರು, ಬಿಂದುಮಾಧವರಾಯರು. ಧಾರವಾಡದಿಂದ ಪುಣೆಗೆ ಬಂದು, ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದು, ಈಗ ಕೋಥರೂಡದ ಫ್ಲ್ಯಾಟಿನಲ್ಲಿ ನಿವೃತ್ತರಾಗಿದ್ದರು. ನಿವೃತ್ತಿ ಅಂದರೆ ಹೆಸರಿಗೆ ಮಾತ್ರ. ಎರಡು ವರ್ಷ ಹಗಲೆಲ್ಲ ಕೂತು, ಗೃಹಿಣಿಯರಿಗೆ ಕಂಪ್ಯೂಟರ್ ಕಲಿಸುವ ಕನ್ನಡ ಪುಸ್ತಕ ಬರೆದಿದ್ದರು. ಭಾನುವಾರ ಕನ್ನಡ ಸಂಘದಲ್ಲಿ ಬಿಡುಗಡೆ. ಆಮಂತ್ರಣ ಹಂಚಿಯಾಗಿತ್ತು. ಬೆಳಗಾವಿಯಿಂದ ಬೀಗರೂ ಹೊರಟಿದ್ದರು. ಬುಧವಾರ ಸಂಜೆ ನಾಲ್ಕರೊಳಗೆ ಬಿಬವೇವಾಡಿಯ ಪ್ರೆಸ್ಸಿಗೆ ಫೈಲ್ ಕಳಿಸುವುದೊಂದೇ ಬಾಕಿ.

ಆ ಬುಧವಾರ ಊಟವಾದ ಮೇಲೆ ರಾಯರಿಗೆ ಹೊಳೆದದ್ದು ಈ ಮಹಾ ಪರೀಕ್ಷೆ! ಇಂದೂಬಾಯಿ ಕಂಪ್ಯೂಟರ್ ಮುಟ್ಟಿದ್ದು ಧೂಳು ಒರೆಸುವುದಕ್ಕೆ ಮಾತ್ರ. ಅವರೇ ಪುಸ್ತಕ ನೋಡಿ ಕೆಲಸ ಮಾಡಿದರೆ ಅದನ್ನೇ ಹಿಂಬದಿಯ ರಕ್ಷಾಪುಟದಲ್ಲಿ ಹಾಕಬಹುದಲ್ಲ? ಆರನೇ ಅಧ್ಯಾಯದ ಎರಡು ಹಾಳೆ ಹೆಂಡತಿಯ ಕೈಗಿಟ್ಟರು. ಅಧ್ಯಾಯದ ಹೆಸರು, 'ಬೇಡದ್ದನ್ನು ಅಳಿಸುವುದು'.

"ನಾ ಬಾಲ್ಕನಿಯೊಳಗ ನಿಂದರ್ತೀನಿ. ಒಂದಕ್ಷರ ಹೇಳೂದಿಲ್ಲ. ನೀ ಬರದದ್ದು ಬರದಂಗ ಮಾಡ್ಕೋತ ಹೋಗು."

ಇಂದೂಬಾಯಿ ಕನ್ನಡಕ ಏರಿಸಿ, ಬರೆದದ್ದು ಬರೆದಂತೆ ಮಾಡಿದರು. ಕಂಟ್ರೋಲ್ ಮತ್ತು ಎ ಒಟ್ಟಿಗೆ ಒತ್ತಿ ಎಂದಿತ್ತು, ಒತ್ತಿದರು. ಶಿಫ್ಟ್ ಮತ್ತು ಡಿಲೀಟ್ ಎಂದಿತ್ತು, ಒತ್ತಿದರು. ಪರದೆಯ ಮೇಲೆ ಏನೋ ಇಂಗ್ಲಿಷ್ ಪ್ರಶ್ನೆ ಮೂಡಿತು. ಹಾಳೆ ನೋಡಿದರು: 'ಇಲ್ಲಿ ಕಂಪ್ಯೂಟರ್ ನಿಮ್ಮನ್ನು ಹೆದರಿಸುತ್ತದೆ. ಹೆದರಬೇಡಿ, ಯೆಸ್ ಒತ್ತಿ.' ಇಂದೂಬಾಯಿ ಹೆದರಲಿಲ್ಲ.

"ಆತ್ರೀ! ಭಾಳ ಸ್ವಚ್ಛ ಆತು!"

ರಾಯರು ಗೆದ್ದವರ ಹಾಗೆ ಒಳಗೆ ಬಂದರು. ಪರದೆ ನೋಡಿದರು. ಖಾಲಿ! ಮೇಲೆ ಫೋಲ್ಡರಿನ ಹೆಸರು ಓದಿದರು: 'ನನ್ನ ಪುಸ್ತಕ'. 

"ಇಂದೂ… ಯಾವ ಫೋಲ್ಡರ್ ತಗದಿದ್ದಿ?"

"ತಗೀ ಅಂತ ನೀವೆಲ್ಲಿ ಬರದೀರಿ? ತಗದ ಇತ್ತು, ಮಾಡಿದೆ."

ರಾಯರು ಹಾಳೆ ಕಸಿದು ನೋಡಿದರು. ನಿಜ! ಮೊದಲು ಬೇಡದ ಕಡತಗಳ ಫೋಲ್ಡರ್ ತೆರೆಯಬೇಕು ಎಂಬ ಸಾಲನ್ನೇ ಬರೆದಿರಲಿಲ್ಲ. ಅಳಿಸುವ ಅಧ್ಯಾಯ ಬರೆದವರನ್ನೇ ಅಳಿಸುವ ಹಾಗಿತ್ತು.

"ಇನ್ನೊಂದು ಪ್ರತಿ ಇಟ್ಟಿರಬೇಕಲ್ರೀ?"

"ಇಟ್ಟಿದ್ದೆ."

"ಎಲ್ಲೆ?"

"ಅದ ಫೋಲ್ಡರಿನ್ಯಾಗ."

ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಕಳೆದ ಕಡತ ಮರಳಿ ಪಡೆಯುವ ಬಗ್ಗೆ ರಾಯರು ಒಂಬತ್ತನೇ ಅಧ್ಯಾಯದಲ್ಲಿ ಹನ್ನೆರಡು ಪುಟ ಸವಿಸ್ತಾರವಾಗಿ ಬರೆದಿದ್ದರು. ಅದನ್ನು ನೋಡಿದರೆ ಮುಗಿಯಿತು ಎಂದು ಕುರ್ಚಿ ಎಳೆದುಕೊಂಡು ಕೂತವರು ಹಾಗೇ ಕಲ್ಲಾದರು. ಒಂಬತ್ತನೇ ಅಧ್ಯಾಯವೂ ಅಳಿಸಿಹೋದವುಗಳಲ್ಲೇ ಇತ್ತು!

ನೆನಪಿದ್ದಷ್ಟು ಒತ್ತಿದರು. ಶಿಫ್ಟ್ ಹಿಡಿದು ಅಳಿಸಿದ್ದರಿಂದ ರೀಸೈಕಲ್ ಬಿನ್ನಿನಲ್ಲೂ ಏನೂ ಉಳಿದಿರಲಿಲ್ಲ. ಕಳೆದ ಫೈಲ್ ಹುಡುಕುವ ತಂತ್ರಾಂಶ ಒಂದನ್ನು ಇಳಿಸಿಕೊಂಡರು. ಅದು ಮುಕ್ಕಾಲು ಗಂಟೆ ಗುರುಗುಟ್ಟಿ, ಎಂದೋ ಅಳಿಸಿದ್ದ ಒಂದು ಫೋಟೋ ಹಿಡಿದು ತಂದಿತು: ಮಹಾಬಳೇಶ್ವರದಲ್ಲಿ ಮಂಗನ ಟೊಪ್ಪಿಗೆ ಹಾಕಿಕೊಂಡು ಸ್ಟ್ರಾಬೆರಿ ತಿನ್ನುತ್ತಿರುವ ರಾಯರು! ಸಿಟ್ಟಿನಿಂದ ಇನ್ನೇನನ್ನೋ ಒತ್ತಿದರು. ಪರದೆ ನೀಲಿಯಾಯಿತು. ಅಪ್‌ಡೇಟ್ ನಡೆದಿದೆ, ಬಂದ್ ಮಾಡಬೇಡಿ, ಹನ್ನೊಂದು ಪ್ರತಿಶತ.

ಫೋನ್ ಹೊಡೆದುಕೊಂಡಿತು. ಪ್ರೆಸ್ಸಿನ ಸಿದ್ರಾಮಪ್ಪ.

"ರಾಯರ, ಮೂರೂವರಿ ಆತ್ರಿ. ನಾಕಕ್ಕ ಫೈಲ್ ಬರಲಿಲ್ಲಂದ್ರ ಮಷೀನಿಗೆ ಲಗ್ನಪತ್ರಿಕಿ ಏರಸ್ತೀನ್ರಿ. ಆಮ್ಯಾಲ ನಿಮ್ಮ ಪುಸ್ತಕ ದೀಪಾವಳಿಗೇ ನೋಡ್ರಿ."

"ಬಂತು, ಬಂತು, ಹೊಂಟದ!" ಎಂದು ರಾಯರು ಫೋನಿಟ್ಟರು. ಭಾನುವಾರ ಸಂಘದಲ್ಲಿ ಏನನ್ನು ಬಿಡುಗಡೆ ಮಾಡುವುದು? ಸ್ಟ್ರಾಬೆರಿಯ ಫೋಟೋವನ್ನೇ? ಆಗ ತಟ್ಟನೆ ನೆನಪಾಯಿತು.

"ಇಂದೂ! ತಪ್ಪಿದ್ರ ನೋಡು ಅಂತ ಒಂದೊಂದ ಅಧ್ಯಾಯ ಪ್ರಿಂಟ್ ಕೊಟ್ಟಿದ್ನಲ್ಲ, ಎಲ್ಲೆ ಅವ ಆ ಹಾಳಿ?"

ಇಂದೂಬಾಯಿ ಸೆರಗಿನ ಅಂಚು ತಿರುವಿದರು. "ಮನ್ಯಾಗಿಲ್ರೀ."

"ಮತ್ತ?"

"ನನಗದು ಓದಿದ್ರ ನಿದ್ದಿ ಬರ್ತಿತ್ತು. ಧಾರವಾಡಕ್ಕ ಗೋದಾಗ ಕಳಿಸಿಬಿಟ್ಟೆ."

ಗೋದಾ ಇಂದೂಬಾಯಿಯ ತಂಗಿ. ಕನ್ನಡ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಮದುವೆ ಪತ್ರಿಕೆ ಕೈಗೆ ಬಂದರೂ ಮೊದಲು ಕೆಂಪು ಪೆನ್ನು ಹುಡುಕುವ ಪೈಕಿ. ರಾಯರಿಗೆ ಉಳಿದ ದಿನಗಳಲ್ಲಾಗಿದ್ದರೆ ರೇಗುತ್ತಿತ್ತು. ಈಗ ತಾವೇ ನಂಬರ್ ಒತ್ತಿದರು.

"ಗೋದಾ, ಇಂದೂ ಕಳಿಸಿದ ಹಾಳಿ ಅವ ಏನವಾ?"

"ಹಾಳಿ ಯಾಕ ಭಾವಾ? ಪೂರಾ ಕಂಪ್ಯೂಟರಿನ್ಯಾಗ ಅದ. ತಿದ್ದಲಿಕ್ಕೆ ಕೂತಿದ್ದೆ. ಪುಟ ಪೂರಾ ಕೆಂಪಾಗಿ ನನಗ ನನ್ನ ಗೆರೀನ ಕಾಣಲಿಲ್ಲ. ಅದಕ್ಕ ಮೊದಲಿಂದ ನಾನ ಟೈಪ್ ಮಾಡೀನಿ."

ರಾಯರು ಅವಮಾನವನ್ನು ಗುಟುಕಿನಂತೆ ನುಂಗಿದರು. "ಮೇಲ್ ಮಾಡವಾ, ಈಗಿಂದೀಗ!"

ಕಂಪ್ಯೂಟರ್ ಇನ್ನೂ ಮೂವತ್ತೆರಡು ಪ್ರತಿಶತದಲ್ಲಿತ್ತು. ಮೂರು ಐವತ್ತೆರಡಕ್ಕೆ ಮೊಬೈಲು ಟಿಣ್ ಅಂದಿತು. ಗೋದಾಳ ಫೈಲು! ತೆರೆದೂ ನೋಡದೆ ಅದನ್ನೇ ಸಿದ್ರಾಮಪ್ಪನಿಗೆ ದಾಟಿಸಿದರು. ನಾಲ್ಕಕ್ಕೆ ಒಂದು ನಿಮಿಷವಿರುವಾಗ ಉತ್ತರ ಬಂತು: "ಬಂತ್ರಿ. ಮಷೀನಿಗೆ ಏರಸಾಕತ್ತೀನಿ."

ರಾಯರು ಸೋಫಾದ ಮೇಲೆ ಬಿದ್ದುಕೊಂಡರು. ಇಂದೂಬಾಯಿ ಚಹಾ ತಂದರು. ಚಹಾ ಕುಡಿಯುತ್ತ ರಾಯರು ಮೊಬೈಲಿನಲ್ಲಿ ಗೋದಾ ತಿದ್ದಿದ ಆರನೇ ಅಧ್ಯಾಯ ತೆಗೆದರು. ಬಿಟ್ಟಿದ್ದ ಸಾಲು ಅಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಹೆದರಬೇಡಿ ಎಂದಿದ್ದಲ್ಲಿ 'ಇಲ್ಲಿ ಹೆದರಿ, ಎರಡು ಸಲ ಓದಿ' ಎಂದಿತ್ತು. ಪುಟ ತಿರುವಿದಷ್ಟೂ ತಮ್ಮ ಮಾತಿಗಿಂತ ಗೋದಾಳ ಮಾತೇ ಹೆಚ್ಚು, ಮತ್ತು ಎಲ್ಲವೂ ತಿಳಿಯುವಂತಿತ್ತು! ರಾಯರ ಹೃದಯ ವಿಶಾಲವಾಯಿತು. ಇಂಥ ಔದಾರ್ಯ ಅವರಿಗೆ ಹಿಂದೆಂದೂ ಬಂದಿರಲಿಲ್ಲ. ಮತ್ತೆ ಫೋನ್ ಹಚ್ಚಿದರು.

"ಗೋದಾ, ನಾ ನಿರ್ಣಯ ಮಾಡೀನಿ. ಮುಖಪುಟದ ಮ್ಯಾಲ ನನ್ನ ಹೆಸರಿನ ಜೋಡಿ ನಿನ್ನ ಹೆಸರೂ ಬರಬೇಕು. ಸಿದ್ರಾಮಪ್ಪಗ ಈಗ ಹೇಳ್ತೀನಿ."

"ಬ್ಯಾಡ ಭಾವಾ, ಕೈ ಮುಗೀತೀನಿ. ನಾಳೆ ಅದನ್ನ ಓದಿ ಯಾರದರೆ ಎಲ್ಲಾ ಅಳಿಸಿಹೋತಂದ್ರ ಮಂದಿ ನಿಮ್ಮ ಮನೀಗೇ ಬರಲಿ!"