ಅತ್ತೆಯರ ರಾಣಿ ರೂಪಾಯಿ

ನಾವು ಸುಮ್ಮನೆ ಕೂತಿದ್ದರೂ ದೇವರು ಸುಮ್ಮನೆ ಕೂರುವುದಿಲ್ಲ. ನಗಬೇಕು ಅನ್ನಿಸಿದಾಗ ನಮ್ಮಂಥವರ ಮನೆಗೆ ಒಂದು ಪಂಚಾಯ್ತಿ ಕಳಿಸುತ್ತಾನೆ. ಎಪ್ಪತ್ತರ ದಶಕದಲ್ಲಿ, ನಾನು ತುಮಕೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಹೀಗೇ ಒಂದನ್ನು ಕಳಿಸಿದ. ನೆನೆದರೆ ಈಗಲೂ ಮೊದಲು ನಗು ಬರುತ್ತದೆ, ಆಮೇಲೆ ಕೈ ತಾನಾಗಿ ಮುಗಿಯುತ್ತದೆ.

ಗುಡ್ ಅಂದರೆ ಕೆಟ್ಟದ್ದು

ನಮ್ಮಜ್ಜಿ ಇಬ್ಬರು ಹೆಣ್ಣುಮಕ್ಕಳಿಗೂ ಮದುವೆಯಲ್ಲಿ ಒಂದೊಂದು ರಾಣಿ ಛಾಪಿನ ಬೆಳ್ಳಿ ರೂಪಾಯಿ ಕೊಟ್ಟಿದ್ದರು, ಶುಕ್ರವಾರದ ಲಕ್ಷ್ಮೀಪೂಜೆಗೆ ಇರಲಿ ಅಂತ. ದೊಡ್ಡತ್ತೆಯದು ಗುಬ್ಬಿಗೆ ಹೋಯಿತು, ಚಿಕ್ಕತ್ತೆಯದು ಕುಣಿಗಲ್ಲಿಗೆ. ಹಬ್ಬದಲ್ಲಿ ಕಲಶಕ್ಕೆ ಕಟ್ಟುವ ಲಕ್ಷ್ಮಿಯ ಬೆಳ್ಳಿ ಮುಖವಾಡ ಮಾತ್ರ ಅಜ್ಜಿಯ ಹತ್ತಿರವೇ ಇತ್ತು. ಕೊನೆಗಾಲದಲ್ಲಿ ಅದನ್ನು ನಮ್ಮಪ್ಪನ ಕೈಗಿಟ್ಟು, "ನಾನು ಕೊಟ್ಟ ರೂಪಾಯ್ನ ಯಾವಳು ಚೆನ್ನಾಗಿ ಇಟ್ಕೊಂಡವ್ಳೋ ಅವಳಿಗೆ ಇದನ್ನ ಕೊಡಪ್ಪ" ಅಂದರು. ಇಬ್ಬರು ಅತ್ತೆಯರಿಗೂ ಆ ಮುಖವಾಡ ಅಂದರೆ ಪ್ರಾಣ.

ನನಗೆ ಹಳೇ ನಾಣ್ಯದ ಹುಚ್ಚು. ಬೆಂಗಳೂರಿನ ಗೆಳೆಯರು ಟಪಾಲಿನಲ್ಲಿ ನಾಣ್ಯದ ಫೋಟೋ ಕಳಿಸುತ್ತಿದ್ದರು. ಭೂತಗನ್ನಡಿ ಹಿಡಿದು, ಕೆನ್ನೆ, ಕಿವಿ ಮೇಲಿನ ಕೂದಲು, ಕಿರೀಟ, ಹೀಗೆ ಉಬ್ಬಿದ ಕಡೆಯಲ್ಲೆಲ್ಲ ಎಷ್ಟು ಸವೆದಿದೆ ಅಂತ ನೋಡಿ ನಾನು ದರ್ಜೆ ಬರೆದು ಕಳಿಸುತ್ತಿದ್ದೆ. ಹಾಗಾಗಿ ಅಪ್ಪ ತೀರ್ಪನ್ನು ನನ್ನ ತಲೆಗೆ ಕಟ್ಟಿದರು. ಪೂಜೆಯ ನಾಣ್ಯ ಮನೆ ಹೊಸಿಲು ದಾಟಬಾರದು ಅಂತ ಇಬ್ಬರು ಅತ್ತೆಯರದೂ ಒಂದೇ ಹಟ. ನಾನೇ ಹೋಗಿ ನೋಡಿಬರುತ್ತೇನೆ ಅಂದರೆ ಅಪ್ಪ ಬೇಡವೆಂದರು. ಯಾರ ಮನೆಯ ಹೋಳಿಗೆ ಮೆತ್ತಗಿರುತ್ತೋ ತೀರ್ಪು ಅತ್ತಲೇ ವಾಲುತ್ತದಂತೆ. ಕೊನೆಗೆ ಫೋಟೋ ತರಿಸುವುದು ಅಂತಾಯಿತು.

ದರ್ಜೆಗಳು ಯಾವುವು ಅಂತ ಅಪ್ಪ ಕೇಳಿದರು. ಗುಡ್, ಫೈನ್, ವೆರಿ ಫೈನ್ ಅಂತ ಹೇಳಿದೆ. ಗುಡ್ ಅಂದರೆ ಮುಖವೆಲ್ಲ ಸವೆದು ಹೆಚ್ಚುಕಮ್ಮಿ ಮುಗಿದೇ ಹೋಗಿರುವ ನಾಣ್ಯ ಅಂತ ವಿವರಿಸಿದೆ.

ಅಪ್ಪ, "ನಿಮ್ಮ ಸಾಹೇಬರು ನಿನ್ನ ಕೆಲಸಾನ ಗುಡ್ ಅಂದ್ರು ಅಂತ ಮೊನ್ನೆ ಕುಣೀತಿದ್ಯಲ್ಲೋ" ಅಂದರು.

ಕೆನ್ನೆಯ ಗೀರು

ಮೊದಲು ಗುಬ್ಬಿಯ ಫೋಟೋ ಬಂತು. ಸ್ಟುಡಿಯೋದವರು ಕ್ಯಾಮೆರಾ ಹೊತ್ತು ದೊಡ್ಡತ್ತೆಯ ಮನೆಗೇ ಹೋಗಿ ತೆಗೆದದ್ದು. ನೋಡಿ ದಂಗಾದೆ. ರಾಣಿಗೆ ಇಪ್ಪತ್ತು ವರ್ಷ ಕಮ್ಮಿಯಾಗಿತ್ತು. ಕೆನ್ನೆ ನುಣ್ಣಗೆ, ಹುಬ್ಬು ತಿದ್ದಿದ ಹಾಗೆ. ಇಷ್ಟು ವರ್ಷ ಪೂಜೆ ಮಾಡಿದರೂ ಒಂದು ಗೀರಿಲ್ಲವಲ್ಲ, ಏನಮ್ಮಾ ನಿನ್ನ ಮಹಿಮೆ ಅಂತ ಫೋಟೋಕ್ಕೆ ಕೈ ಮುಗಿದೆ. ಆದರೂ ಮನಸ್ಸು ತಡೆಯದೆ ಭಾನುವಾರ ಗುಬ್ಬಿಯ ಸ್ಟುಡಿಯೋಕ್ಕೆ ಹೋಗಿ ವಿಚಾರಿಸಿದೆ.

ಸ್ಟುಡಿಯೋದವರು ಸಂಕೋಚವಿಲ್ಲದೆ ಹೇಳಿದರು. ವಧುವಿನ ಫೋಟೋಗೆ ಹೇಗೋ ಹಾಗೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ್ದರಂತೆ. ಕೆನ್ನೆ ಮೇಲೆ ಗೀರಿತ್ತು, ಮೂಗು ಸ್ವಲ್ಪ ಸವೆದಿತ್ತು, ಎರಡನ್ನೂ ಸರಿ ಮಾಡಿದ್ದರು.

ಆ ಗೀರು ನೋಡುವುದಕ್ಕೇ ನಾನು ಫೋಟೋ ತರಿಸಿದ್ದು ಅಂದೆ.

"ಎಲ್ಲಾ ಗಂಡಿನ ಕಡೆಯೋರೂ ಹಿಂಗೇ ಸ್ವಾಮಿ," ಅಂದರು ಅವರು. "ಅದಕ್ಕೇ ನಾವು ಮುಂಚೇನೇ ಅಳಿಸೋದು."

ಹಣೆಗೆ ಕುಂಕುಮ

ಕುಣಿಗಲ್ಲಿನ ಫೋಟೋದಲ್ಲಿ ನಾಣ್ಯವೇ ಕಾಣುತ್ತಿರಲಿಲ್ಲ. ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಸೇವಂತಿಗೆ. ಸುತ್ತಲೂ ದುಂಡನೆಯ ಅಂಚು ಮಾತ್ರ. ಆದರೂ ಎಂಥ ಕಳೆ! ಕಣ್ಣಿಗೊತ್ತಿಕೊಂಡೆ. ನಮ್ಮ ದೇವರ ಮನೆಯಲ್ಲಿಟ್ಟು ಒಂದು ವಾರ ಊದುಬತ್ತಿಯನ್ನೂ ಹಚ್ಚಿದೆ.

ಆದರೆ ದರ್ಜೆ ಹೇಳಬೇಕಲ್ಲ. ಒಂದು ಮದುವೆ ಮನೆಯಲ್ಲಿ ಸಿಕ್ಕಾಗ ಚಿಕ್ಕತ್ತೆಗೆ, ಕುಂಕುಮ ಒರೆಸಿ ಇನ್ನೊಂದು ಫೋಟೋ ತೆಗೆಸಿ ಅಂದೆ. ಅವರ ಮುಖ ಬಾಡಿತು. "ಮುತ್ತೈದೆ ಹಣೆ ಬರಿದು ಮಾಡು ಅಂತೀಯಲ್ಲೋ" ಅಂದರು.

ಆ ರಾಣಿ ಬಹಳ ವರ್ಷ ವಿಧವೆಯಾಗೇ ಇದ್ದವಳು, ಪುಸ್ತಕದಲ್ಲಿ ಓದಿದ್ದೇನೆ ಅಂದೆ.

ಚಿಕ್ಕತ್ತೆ ಎಲೆಗೆ ಸುಣ್ಣ ಹಚ್ಚುತ್ತ ತಲೆಯೆತ್ತದೆ ಹೇಳಿದರು: "ಅವರೂರಲ್ಲಿ ಇರ್ಬೋದು ಕಣೋ. ನಮ್ಮನೇಲಲ್ಲ."

ತೀರ್ಪು

ನಾನು ಪಟ್ಟು ಬಿಡದೆ ಕೇಳಿದ್ದಕ್ಕೆ ಶ್ರಾವಣ ಹತ್ತಿರ ಬರುವ ಹೊತ್ತಿಗೆ ಎರಡು ಕಡೆಯಿಂದಲೂ ಹೊಸ ಫೋಟೋ ಬಂದವು. ಗುಬ್ಬಿಯದಕ್ಕೆ ಪೆನ್ಸಿಲ್ ಸೋಕಿರಲಿಲ್ಲ, ಕುಣಿಗಲ್ಲಿನದಕ್ಕೆ ಕುಂಕುಮವಿರಲಿಲ್ಲ. ಸ್ನಾನ ಮಾಡಿ, ಯಡಿಯೂರು ಸಿದ್ಧಲಿಂಗಪ್ಪನನ್ನು ನೆನೆದು, ನನ್ನ ಬಾಯಲ್ಲಿ ಸುಳ್ಳು ಬರದಿರಲಪ್ಪ ಅಂತ ಬೇಡಿಕೊಂಡು ಭೂತಗನ್ನಡಿ ಹಿಡಿದೆ. ಹಬ್ಬದ ಹಿಂದಿನ ಶುಕ್ರವಾರ ಇಬ್ಬರು ಅತ್ತೆಯರೂ ತುಮಕೂರಿಗೆ ಬಂದರು. ಚಿಕ್ಕತ್ತೆಯ ಜೊತೆ ಮಾವನೂ ಬಂದು ಕಾಫಿ ಲೋಟ ಹಿಡಿದು ಮೂಲೆಯಲ್ಲಿ ಕೂತರು. ಅಪ್ಪ ಮುಖವಾಡವನ್ನು ಮಣೆಯ ಮೇಲಿಟ್ಟರು. ಎಲ್ಲರೂ ಅದನ್ನೇ ನೋಡುತ್ತಿದ್ದರು.

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. ಗುಬ್ಬಿಯ ನಾಣ್ಯದಲ್ಲಿ ಕಿವಿಯ ಮೇಲಿನ ಕೂದಲು ಮಸುಕಾಗಿದೆ, ಅದು ಫೈನ್. ಕುಣಿಗಲ್ಲಿನದರಲ್ಲಿ ಕೂದಲಿನ ಎಳೆ ಎಳೆಯೂ ಕಾಣುತ್ತದೆ, ಅದು ವೆರಿ ಫೈನ್.

ಚಿಕ್ಕತ್ತೆ ತಲೆ ತಗ್ಗಿಸಿದರು. ದೊಡ್ಡತ್ತೆ ಮಾತ್ರ ಧಡಕ್ಕನೆ ಎದ್ದು ನಿಂತರು.

"ಏನ್ಲಾ, ನನ್ನ ರೂಪಾಯಿ ನನ್ ಕೈಲಿದ್ರೆ ಬರೀ ಫೈನು, ನಾಲ್ಕು ದಿನ ಅವಳ ಮನೇಲಿದ್ದು ಬಂದ್ರೆ ವೆರಿ ಫೈನಾ?"

ದೊಡ್ಡತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಆದರೆ ಮಾತು ಹೊರಗೆ ಬಂದಾಗಿತ್ತು. ನಾನು ಫೋಟೋಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಕೆನ್ನೆಯ ಮೇಲೆ ಅದೇ ಗೀರು. ಗುಬ್ಬಿಯಲ್ಲಿ ಬೆಳಕು ನೇರ ಮುಖಕ್ಕೆ ಬಿದ್ದಿತ್ತು, ಕುಣಿಗಲ್ಲಿನಲ್ಲಿ ಕಿಟಕಿಯಿಂದ ಓರೆಯಾಗಿ ಬಿದ್ದು ಕೂದಲನ್ನು ಎತ್ತಿ ತೋರಿಸಿತ್ತು. ನಾಣ್ಯ ಒಂದೇ.

ಚಿಕ್ಕತ್ತೆ ಮೆಲ್ಲಗೆ ಎಲ್ಲ ಹೇಳಿದರು. ಹಿಂದೆ ಮಾವ ಹಾಸಿಗೆ ಹಿಡಿದು, ಡಾಕ್ಟರು ಕೈಬಿಟ್ಟಾಗ ಚಿಕ್ಕತ್ತೆ ಯಡಿಯೂರಿಗೆ ಹೋಗಿ, ತಮ್ಮಲ್ಲಿದ್ದ ದೊಡ್ಡ ವಸ್ತು ಅದೊಂದೇ ಅಂತ ಆ ರೂಪಾಯಿಯನ್ನು ಸ್ವಾಮಿಯ ಹುಂಡಿಗೆ ಹಾಕಿದ್ದರು. ಅಮ್ಮ ಕೊಟ್ಟದ್ದನ್ನು ಕೊಟ್ಟುಬಿಟ್ಟೆ ಅಂತ ಯಾರಿಗೂ ಹೇಳಿರಲಿಲ್ಲ. ಬರೀ ನಾಣ್ಯದ ಫೋಟೋ ಬೇಕು ಅಂತ ನಾನು ಪಟ್ಟು ಹಿಡಿದಾಗ ದಿಕ್ಕು ತೋಚದೆ ಅಕ್ಕನ ಹತ್ತಿರ ಹೋಗಿ ಅತ್ತಿದ್ದರು. ಅಕ್ಕ ಒಂದು ಮಾತೂ ಕೇಳದೆ, ತಮ್ಮ ನಾಣ್ಯವನ್ನು ತಾವೇ ಬಸ್ಸಿನಲ್ಲಿ ಕುಣಿಗಲ್ಲಿಗೆ ತಂದುಕೊಟ್ಟಿದ್ದರು.

ಹೊಸಿಲು ದಾಟಬಾರದಲ್ಲವಾ ಅತ್ತೆ ಅಂತ ಕೇಳಿದೆ. "ತಂಗಿ ಮನೆಗೂ ನನ್ ಮನೆಗೂ ಬೇರೆ ಬೇರೆ ಹೊಸಿಲಾ?" ಅಂದರು ದೊಡ್ಡತ್ತೆ.

ನಾನು ಮೂಲೆಯ ಕಡೆ ನೋಡಿದೆ. ಡಾಕ್ಟರು ಕೈಬಿಟ್ಟಿದ್ದ ಮಾವ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳುತ್ತಿದ್ದರು. ಕೈ ತಾನಾಗಿ ಮುಗಿಯಿತು. ಅಜ್ಜಿ ಕೊಟ್ಟದ್ದನ್ನು ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಇಟ್ಟುಕೊಳ್ಳುವುದು? ನನ್ನ ಪುಸ್ತಕದಲ್ಲಿ ಅದಕ್ಕೆ ದರ್ಜೆಯೇ ಇರಲಿಲ್ಲ.

ಆಗ ಮತ್ತೊಂದು ಹೊಳೆಯಿತು. ಹಾಗಾದರೆ ಕುಂಕುಮದ ಕೆಳಗಿದ್ದದ್ದು ಏನು ಅಂತ ಕೇಳಿದೆ. ಚಿಕ್ಕತ್ತೆ ಮಾವನ ಕಡೆ ಬೆರಳು ತೋರಿಸಿದರು. ಮಾವ ಜೇಬಿನಿಂದ ತಮ್ಮ ನಶ್ಯದ ಡಬ್ಬಿ ತೆಗೆದು, ಅದರ ಮುಚ್ಚಳವನ್ನು ಎತ್ತಿ ಹಿಡಿದರು. ನಾನು ಒಂದು ವಾರ ಊದುಬತ್ತಿ ಹಚ್ಚಿದ್ದು ಅದಕ್ಕೆ.

ದೊಡ್ಡತ್ತೆ ಮುಖವಾಡವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ತಂಗಿಯ ಮಡಿಲಿಗೆ ಹಾಕಿದರು. ಬೇಡ ಅಕ್ಕ ಅಂದರೂ ಬಿಡಲಿಲ್ಲ. ಅಪ್ಪ ಕಣ್ಣೊರೆಸಿಕೊಂಡರು. ಇಷ್ಟು ದಿನ ಆಸೆಪಟ್ಟದ್ದನ್ನು ಹೀಗೆ ಕೊಟ್ಟುಬಿಟ್ಟಿರಲ್ಲ ಅತ್ತೆ, ನಿಮಗೆ ಸೋತೆ ಅನ್ನಿಸಲಿಲ್ಲವಾ ಅಂತ ಕೇಳಿದೆ.

ದೊಡ್ಡತ್ತೆ ಆ ಎರಡು ಫೋಟೋಗಳನ್ನೂ ಎತ್ತಿ ಕೈಚೀಲಕ್ಕೆ ಹಾಕಿಕೊಂಡರು.

"ಸೋಲೋದೆಲ್ಲಿ ಬಂತು ಬುಡೋ," ಅಂದರು. "ಫಸ್ಟ್ ಬಂದಿದ್ದೂ ನಂದೇ, ಸೆಕೆಂಡ್ ಬಂದಿದ್ದೂ ನಂದೇ."