ಬೀಗರನ್ನ ದೋಣಿ ಹತ್ತಿಸಿದ್ದು

ಬ್ಯಾಸಗಿಯೊಳಗ ನಮ್ಮ ವಿಜಯಪುರದಾಗ ಹೆಣ್ಣು ನೋಡೂ ಕಾರ್ಯಕ್ರಮ ಇಟ್ಕೊಳ್ಳೂದಂದ್ರ ಎರಡೂ ಮನಿಯವರಿಗಿ ಶಿಕ್ಷಾ. ಹುಡುಗಿ ಚಹಾದ ಟ್ರೇ ಹಿಡ್ಕೊಂಡು ಹೊರಗ ಬರೂದಕ್ಕೂ ಕರೆಂಟ್ ಹೋಗೂದಕ್ಕೂ ಸರೀ ಆಗತೈತಿ. ಆಮ್ಯಾಲ ಹುಡುಗನ ಕಡಿಯವರು ಹುಡುಗಿನ್ನ ನೋಡೂದು ಬಿಟ್ಟು ತಿರುಗದ ಫ್ಯಾನ್ ನೋಡ್ಕೋತ ಕುಂದರ್ತಾರ. ನಮ್ಮ ಮಗಳು ಸವಿತಾನ್ನ ನೋಡಾಕ ತಿಕೋಟಾದವರು ಬರ್ತಾರ ಅಂದಾಗ, ಈ ಸಮಸ್ಯಾಕ್ಕ ಇಡೀ ಜಿಲ್ಲಾದಾಗ ಯಾರಿಗೂ ಹೊಳೀದ ಪರಿಹಾರ ನನಗ ಹೊಳೀತು. ಕೆರಿ!

"ಸಂಜೀಕ ಎಲ್ಲಾರನ್ನೂ ಕೆರಿ ದಂಡಿಗಿ ಕರಕೊಂಡು ಹೋಗೂಣು. ತಂಪ ಗಾಳಿ, ಬಿಸಿ ಮಿರ್ಚಿ ಭಜಿ, ಮನಿಯಿಂದ ಚುರುಮುರಿ ಸೂಸಲಾ. ಪೆಡಲ್ ದೋಣಿನೂ ಅದಾವ," ಅಂದೆ.

ನನ್ನ ಹೆಂಡ್ತಿ ಗಿರಿಜಾ ರೊಟ್ಟಿ ಬಡಿಯೂದು ನಿಲ್ಲಿಸಿದ್ಲು. "ಹೆಣ್ಣು ನೋಡಾಕ ಬಂದವರನ್ನ ನೀರಾಗ ನೂಕ್ತೀರೇನು? ಬೇಕಾದ್ರ ಗುಮ್ಮಟ ತೋರಸ್ರಿ."

"ತಿಕೋಟಾದವರಿಗಿ ಗುಮ್ಮಟ ಏನ್ ತೋರಸ್ತಿ? ಬಸ್ಸಿನ ಕಿಡಕ್ಯಾಗ ನೋಡಿ ನೋಡಿ ಬ್ಯಾಸತ್ತಾರ ಅವರು."

"ನೋಡ್ರಿ, ಈ ಮೊದಲ ಬಂದ ಎಲ್ಲಾ ಹುಡುಗರಿಗೂ ನಮ್ಮ ಸವಿತಾ ಒಲ್ಲೆ ಅಂದಾಳ. ಈ ಹುಡುಗನ ಫೋಟೋ ನೋಡಿ ಸುಮ್ನ ನಕ್ಕೊಂತ ಒಳಗ ಹೋಗ್ಯಾಳ. ಈ ಸಂಬಂಧ ನಿಮ್ಮಿಂದ ಕೆಟ್ಟಿತು ಅಂದ್ರ, ಈ ಮನ್ಯಾಗ ನಿಮಗ ರೊಟ್ಟಿ ಇಲ್ಲ!"

ಆದ್ರ ಸರಕಾರಿ ಕಚೇರಿ ಹೆಡ್ ಕ್ಲರ್ಕ್ ನಾನು. ಒಮ್ಮಿ ಮಂಜೂರಾದ ಯೋಜನಾ ಹಿಂದಕ್ಕ ತಗೊಂಡ ರೂಢಿ ನನಗಿಲ್ಲ.

ಹುಡುಗನ ಅಪ್ಪ ಮಲ್ಲಪ್ಪನವರದು ತಿಕೋಟಾದಾಗ ದ್ರಾಕ್ಷಿ ತ್ವಾಟ. ಬಿಳೇ ಧೋತರ, ದೊಡ್ಡ ಮೀಸಿ, ಮಾತು ಕಡಿಮಿ. ಮಗ ಪ್ರವೀಣ ಬಬಲೇಶ್ವರದಾಗ ಔಷಧ ಅಂಗಡಿ ಹಾಕ್ಯಾನ. ಕೆರಿ ದಂಡಿಗಿ ಎರಡೂ ಮನಿಯವರು ಚಾಪಿ ಹಾಸ್ಕೊಂಡು ಕುಂತ್ವಿ. ಗಾಳಿ ಬೀಸಾಕತ್ತಿತ್ತು. ಹುಡುಗನ ತಾಯಿ ಸೂಸಲಾ ಎರಡನೇ ಸಲ ಹಾಕಿಸ್ಕೊಂಡ್ರು. ನಾನು ಗಿರಿಜಾನ ಕಡೆ ನೋಡಿ ಹುಬ್ಬು ಹಾರಿಸಿದೆ. ಇಷ್ಟಕ್ಕ ಸುಮ್ನ ಕುಂತಿದ್ರ ನಾನು ನಾನ ಆಗಿರ್ತಿರಲಿಲ್ಲ.

"ಬೀಗರ, ಏಳ್ರಿ. ದೋಣ್ಯಾಗ ಒಂದ ರೌಂಡ್ ಹಾಕ್ಕೊಂಡು ಬರೂಣು!"

"ಇನ್ನಾ ಬೀಗರಾಗಿಲ್ಲ," ಅಂತ ಗಿರಿಜಾ ನನ್ನ ಕಿವ್ಯಾಗ ಹಲ್ಲು ಕಡದ್ಲು.

ಮಲ್ಲಪ್ಪನವರು ಅಂದ್ರು, "ಒಲ್ಲೆರೀ."

ಈಗ ಇಲ್ಲೊಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಊಟಕ್ಕ ಕುಂತವರು ಹೋಳಿಗಿ ಒಲ್ಲೆ ಅಂದ್ರ ನೀಡಬೇಕು. ಎಲಿ ಮ್ಯಾಲ ಕೈ ಅಡ್ಡ ಹಿಡದ್ರ ಕೈ ಸರಿಸಿ ನೀಡಬೇಕು. ಬಾಯಿ ಮುಚ್ಕೊಂಡ್ರ ಗದ್ದ ಹಿಡದು ತಿನ್ನಿಸಬೇಕು. ಮೊದಲನೇ ಒಲ್ಲೆಗೇ ಸುಮ್ನಾದವನಿಗಿ ಜಿಪುಣ ಅಂತಾರ. ಅದಕ್ಕ ನಾನು, "ಹಂಗಂದ್ರ ಹ್ಯಾಂಗ್ರಿ!" ಅಂದೆ. ಅವರು ಮತ್ತೊಮ್ಮಿ ಒಲ್ಲೆ ಅಂದ್ರು. ನಾನು ರಟ್ಟಿ ಹಿಡದು ಎಬ್ಬಿಸಿದೆ. ಮೂರನೇ ಸಲ ಒಲ್ಲೆ ಅನ್ನೂದ್ರಾಗ ಅವರಿಗಿ ಲೈಫ್ ಜಾಕೆಟ್ ತೊಡಿಸಿ ದೋಣ್ಯಾಗ ಕುಂದ್ರಿಸಿದ್ದೆ. ಎಷ್ಟು ಸಂಕೋಚದ ಮನಷ್ಯಾ ಅಂತ ಮನಸಿನ್ಯಾಗ ಮೆಚ್ಚಿಕೊಂಡೆ.

ಆ ದೋಣಿಗಿ ಇಬ್ಬರಿಗೂ ಪೆಡಲ್ ಇದ್ದವು. ಬೀಗರ ಕಾಲಿಗಿ ಕೆಲಸ ಹಚ್ಚೂದಾ? ಛೇ ಛೇ! "ನೀವು ಕಾಲು ಮ್ಯಾಲ ತಗೊಂಡು ಆರಾಮ ಕುಂದರ್ರಿ," ಅಂದೆ. ಅವರು ಸೀಟಿನ ಮ್ಯಾಲ ಚಕ್ಕಳಮಕ್ಕಳ ಹಾಕ್ಕೊಂಡು, ಪೂಜಾಕ್ಕ ಕುಂತಂಗ ಕಣ್ಣು ಮುಚ್ಚಿ ಕುಂತ್ರು. ನಾನೊಬ್ಬನ ತುಳದೆ. ಕಚೇರಿ ಕುರ್ಚಿ ಬಿಟ್ರ ಬ್ಯಾರೆ ವ್ಯಾಯಾಮ ಕಾಣದ ಕಾಲು ಅವು. ಕೆರಿ ನಡುವ ಹೋದ ಕೂಡಲೇ ಎಡಗಾಲಿನ ಮೀನಖಂಡ ಗಂಟು ಕಟ್ಟಿತು.

"ಅಯ್ಯಯ್ಯಪ್ಪೋ!"

ಮಲ್ಲಪ್ಪನವರು ಒಂದ ಕಣ್ಣು ತಗದ್ರು. "ಏನಾತ್ರಿ?"

"ಏನಿಲ್ರಿ, ಗಾಳಿ ಛಲೋ ಐತಿ ಅಂದೆ."

"ನಾ ತುಳೀಲೇನ್ರಿ?"

"ಶಕ್ಯನ ಇಲ್ಲ!" ಅಂತ ಅವರ ಮೊಣಕಾಲು ಒತ್ತಿ ಹಿಡದೆ. ಹಿಂಗ ನಾವು ಒಬ್ಬರಿಗೊಬ್ಬರು ಉಪಚಾರ ಮಾಡ್ಕೋತ ಕುಂತ್ರ, ಸದರಿ ದೋಣಿಯು ಗಾಳಿಯ ಆದೇಶದ ಮೇರೆಗೆ ಆಚೀ ದಂಡಿಯ ಜೊಂಡಿನ ಕಡೆ ಪ್ರಯಾಣ ಬೆಳೆಸಿತು. ಜೊಂಡು ಚಕ್ರಕ್ಕ ಸುತ್ತಿಕೊಂಡಿತು. ಈಗ ಇಬ್ಬರೂ ತುಳದ್ವಿ. ಪೆಡಲ್ ಅಳ್ಳಾಡಲಿಲ್ಲ!

ಸುತ್ತ ಕರ್ರಗ ನೀರು. ನೆಳ್ಳು ಉದ್ದ ಆಗಾಕತ್ತಿದ್ವು.

"ನಿಮಗ ಈಸು ಬರ್ತೈತೇನ್ರಿ?" ಅಂತ ಕೇಳಿದೆ.

"ಇಲ್ರಿ. ನಿಮಗ?"

"ಇಲ್ರಿ."

ಇಬ್ಬರೂ ಜಾಕೆಟ್ಟಿನ ಪಟ್ಟಿ ಬಿಗಿ ಮಾಡ್ಕೊಂಡ್ವಿ.

"ಸಣ್ಣಾಂವ ಇದ್ದಾಗ ಬಾವ್ಯಾಗ ಬಿದ್ದಿದ್ದೆ," ಅಂದ್ರು ಮಲ್ಲಪ್ಪನವರು. "ಅವತ್ತಿಂದ ನೀರಂದ್ರ ಜೀವ ಹೋಗತೈತಿ ನನಗ."

"ಮತ್ಯಾಕ ದೋಣಿ ಹತ್ತಿದ್ರಿ?"

"ಮೂರ ಸಲ ಒಲ್ಲೆ ಅಂದ್ನೆಲ್ರೀ!"

ಅಷ್ಟರಾಗ ನನ್ನ ಫೋನ್ ಬಡೀತು. ಗಿರಿಜಾ. "ಎಲ್ಲಿ ಹೊಂಟೀರಿ? ಇಲ್ಲಿ ಅವರ ಮನಿಯವರು, ನಮ್ಮವರನ್ನ ಎಲ್ಲಿಗಿ ಒಯ್ದ್ರು ಅಂತ ಕೇಳಾಕತ್ತಾರ."

"ಆಚೀ ದಂಡಿ ಭಾಳ ಛಂದ ಐತಿ, ತೋರಿಸಾಕತ್ತೇನಿ," ಅಂದೆ.

ಮಲ್ಲಪ್ಪನವರು ಫೋನಿಗಿ ಬಾಯಿ ಹಚ್ಚಿ, "ಯವ್ವಾ, ಯಾರನ್ನರ ಕಳಸವ್ವಾ!" ಅಂತ ಚೀರಿದ್ರು.

ಸಂಬಂಧ ಮುರೀತು ಅಂತ ನನಗ ಖಾತ್ರಿ ಆತು. ಸವಿತಾ ನಕ್ಕೊಂತ ಒಳಗ ಹೋಗಿದ್ದು ಕಣ್ಣ ಮುಂದ ಬಂತು. ಪಾಪ, ಒಬ್ಬ ಹುಡುಗ ಮನಸಿಗಿ ಬಂದಾನ, ಅವನ ಅಪ್ಪನ್ನ ನಾನು ಕೆರ್ಯಾಗ ಮುಳಗಸಾಕ ಹೊಂಟೇನಿ! ಖರೇನ ಅಳು ಬಂದಂಗಾತು. ದಂಡಿಯವರಿಗಿ ಕೈ ಮಾಡೂಣು ಅಂತ ದಬಕ್ಕನ ಎದ್ದು ನಿಂತೆ. ದೋಣಿ ಒಂದ ಕಡೆ ವಾಲಿತು.

"ಕುಂದರಲೇ!"

ಮಲ್ಲಪ್ಪನವರದ ಧ್ವನಿ. ನಮ್ಮ ಕಡೆ ಬೀಗರು ಬೀಗರಿಗಿ 'ರೀ' ಅಂತಾರ. 'ಲೇ' ಅನ್ನೂವಷ್ಟು ಸಲಿಗಿ ಬರಾಕ ಮೊಮ್ಮಕ್ಕಳ ಮದುವಿ ಆಗಬೇಕು. ನಮಗ ಹೆಣ್ಣು ಒಪ್ಪೂಕಿಂತ ಮೊದಲ ಬಂತು. ನಾನು ತೆಪ್ಪಗ ಕುಂತೆ.

ಆಗ ಇನ್ನೊಂದು ದೋಣಿ ಬಂತು. ಅದರಾಗ ಸವಿತಾ, ಪ್ರವೀಣ. ಇಬ್ಬರೂ ಸಮಾ ತುಳೀಕೋತ, ಮಾತಾಡ್ಕೋತ, ಏನೂ ಅವಸರ ಇಲ್ಲದವರಂಗ ಬಂದ್ರು. ಜೊಂಡಿನ ಹೊರಗ ದೋಣಿ ನಿಲ್ಲಿಸಿ ಸವಿತಾ ನಮ್ಮ ಹಿಂದ ನೋಡಿದ್ಲು.

"ಯಪ್ಪಾ, ಹಿಂದ ನೋಡ್ರಿ."

ಹೊಳ್ಳಿ ನೋಡಿದೆ. ಒಂದು ಎಮ್ಮಿ! ನಮ್ಮಿಂದ ಮಾರು ದೂರದಾಗ ಆರಾಮ ನಿಂತು ಜೊಂಡು ಮೇಯಾಕತ್ತಿತ್ತು. ಅದರ ಮೊಣಕಾಲೂ ತೊಯ್ದಿರಲಿಲ್ಲ.

"ಎಮ್ಮಿ ನಿಂತಲ್ಲಿ ಮನಷ್ಯಾರು ಮುಳಗತಾರೇನು? ಇಳೀರಿ," ಅನ್ಕೋತ ಸವಿತಾ ಸೀರಿ ನಿರಿಗಿ ಎತ್ತಿ ಸೊಂಟಕ್ಕ ಸಿಗಿಸಿ ಕೆಸರಿನ್ಯಾಗ ಇಳದು ಬಂದ್ಲು. ಹೆಣ್ಣು ನೋಡಾಕ ಉಡಿಸಿದ್ದ ಹೊಸಾ ಇಳಕಲ್ ಸೀರಿ! "ಕಾಕಾರ, ನನ್ನ ಕೈ ಹಿಡೀರಿ. ನೀರು ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ. ಈ ಸಲ ನಿಮ್ಮ ತ್ವಾಟದ ಒಣದ್ರಾಕ್ಷಿ, ಮಣೂಕ ಹ್ಯಾಂಗಾಗ್ಯಾವ ಹೇಳ್ರಿ."

ಮಲ್ಲಪ್ಪನವರು ಮಣೂಕದ ರೇಟು ಹೇಳ್ಕೋತ ಹೇಳ್ಕೋತ ದಂಡಿ ಮುಟ್ಟಿದ್ರು. ಅಂಜಿಕಿ ಎಲ್ಲಿ ಹೋತೋ ಗೊತ್ತಾಗಲಿಲ್ಲ. ನನ್ನ ಕೈ ಯಾರೂ ಹಿಡೀಲಿಲ್ಲ. ಒಂದ ಚಪ್ಪಲಿ ಕೆಸರಿಗಿ ಕೊಟ್ಟು, ಕುಂಟ್ಕೋತ ಹಿಂದಿಂದ ಬಂದೆ.

ದಂಡಿ ಸುತ್ತು ಹಾಕ್ಕೊಂಡು ಎಲ್ಲಾರೂ ಚಾಪಿಗಿ ಬಂದ್ವಿ. ಗಿರಿಜಾ ನನ್ನ ಕಡೆ ನೋಡೂದನ್ನ ಬಿಟ್ಟಿದ್ಲು. ಮಲ್ಲಪ್ಪನವರು ಧೋತರ ಹಿಂಡ್ಕೊಂಡು, ಸ್ವಲ್ಪ ದೂರ ಹೋಗಿ ಊರಿಗಿ ಅಣ್ಣಗ ಫೋನ್ ಹಚ್ಚಿದ್ರು. ನಾನು ಕಾಲು ತಿಕ್ಕೊಳ್ಳೂ ನೆವ ಮಾಡ್ಕೊಂಡು ಕಿವಿ ಅತ್ತ ಕೊಟ್ಟೆ.

"ಹುಡುಗಿ ಬಂಗಾರ ಐತಿ ಅಣ್ಣಾ. ಶಾಣ್ಯಾಕಿ, ಧೈರ್ಯದಾಕಿ. ಮುಂದಿನ ವಾರ ಬಂದು ಪಕ್ಕಾ ಮಾಡ್ಕೊಂಡು ಹೋಗೂಣು... ಯಾರು, ಅವರಪ್ಪನ?"

ಮಲ್ಲಪ್ಪನವರು ಹೊಳ್ಳಿ ನನ್ನ ಬರಿಗಾಲು ನೋಡಿದ್ರು.

"ಇರ್ಲಿ ಬಿಡೋ ಅಣ್ಣಾ. ನಮ್ಮ ಮನಿಗಿ ಸೊಸಿಯಾಗಿ ನಡಿಯಾಕ ಬರಾಕಿ ಹುಡುಗಿ. ಅಂವಾ ಏನು ಬರ್ತಾನೇನು?"

ಇಂಥಾ ಮಾತಿಗಿ ಸಿಟ್ಟಾಗಬೇಕು ನೋಡ್ರಿ. ನಾನು ಒಂದ ಚಪ್ಪಲಿ ಮ್ಯಾಲ ಓಡಿ ಹೋಗಿ ಪೇಢೆ ತಂದೆ!